ಭಾನುವಾರ ಸರಪಳಿ ಇಳಿಸಿಟ್ಟಿದ್ದ ಪೆಟ್ರೋಲ್ ಬಂಕು

ದೆವ್ವ, ಪವಾಡ, ಕನಸಿನಲ್ಲಿ ಬಂದು ಎಚ್ಚರಿಸಿದ ದೇವರು, ಇವೆಲ್ಲ ಕೈಯಲ್ಲಿ ಬೇರೆ ಕೆಲಸ ಇಲ್ಲದವರಿಗೆ ಆಗುವಂಥವು ಅಂತ ನಾನು ತಿಳಿದಿದ್ದೆ. ಹೀಗೆ ಹೇಳಿದರೆ ಕೆಲವರಿಗೆ ಕೋಪ ಬರಬಹುದು, ಬರಲಿ. ನನಗೆ ಅಂಥದ್ದಕ್ಕೆಲ್ಲ ಪುರುಸೊತ್ತೇ ಇರಲಿಲ್ಲ. ಜಪಾನಿನಲ್ಲಿ, ಟೋಕಿಯೋ ಪಕ್ಕದ ವಾಕೋದ ಸಂಶೋಧನಾ ಸಂಸ್ಥೆಯೊಂದರಲ್ಲಿ ಪ್ರೋಟೀನುಗಳ ಜೊತೆ ಗುದ್ದಾಡುವುದು ನನ್ನ ಕೆಲಸ. ಕೆಲಸದ ಕಾಂಟ್ರಾಕ್ಟು ಮುಂದುವರಿಯುತ್ತದೋ ಇಲ್ಲವೋ ಅಂತ ಪ್ರತಿ ವರ್ಷ ಜೀವ ಕೈಯಲ್ಲಿ ಹಿಡಿದು ಕೂರಬೇಕು. ಮನೆಗೆ ಬಂದರೆ ಮಗಳ ಸ್ಕೂಲಿನ ಚೀಟಿಗಳು, ಗಂಡನ ವೀಸಾ ಕಾಗದ, ಕಸ ಯಾವ ವಾರ ಯಾವುದು ಹಾಕಬೇಕು ಅನ್ನುವ ಪಟ್ಟಿ. ಎದುರಿಗೆ ದೆವ್ವವೇ ಬಂದು ನಿಂತಿದ್ದರೂ ‘ಸುಮಿಮಾಸೆನ್, ಕ್ಷಮಿಸಿ, ಸ್ವಲ್ಪ ಆಮೇಲೆ ಬನ್ನಿ’ ಅಂತ ಕಳಿಸಿಬಿಡುತ್ತಿದ್ದೆ.

ಅಂಥ ನನಗೇ ಆಯ್ತು ನೋಡಿ. ಅದೂ ಹಾಳು ಗುಡಿಯಲ್ಲಲ್ಲ, ಸ್ಮಶಾನದಲ್ಲಲ್ಲ, ಪೆಟ್ರೋಲ್ ಬಂಕಿನಲ್ಲಿ. ಕೇಳಿದವರು ಮೊದಲು ನಗುತ್ತಾರೆ. ನೀವೂ ನಗಬಹುದು, ನನಗೇನೂ ಬೇಜಾರಿಲ್ಲ. ಪೂರ್ತಿ ಕೇಳಿ ಅಷ್ಟೇ.

ಮೊದಲು ನನ್ನದೊಂದು ಚಟದ ಬಗ್ಗೆ ಹೇಳಬೇಕು. ದೂರದ ಊರಿಗೆ ಕಾರಿನಲ್ಲಿ ಹೋಗುವುದಾದರೆ ದಾರಿಯ ಪೆಟ್ರೋಲ್ ಬಂಕುಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ ಫೋನ್ ಮಾಡಿ, ತೆರೆದಿರುತ್ತೀರಾ, ಎಷ್ಟು ಗಂಟೆಯವರೆಗೆ ಅಂತ ಕೇಳಿ ಟಿಕ್ ಹಾಕಿಕೊಳ್ಳುವುದು. ಟೋಕಿಯೋ ಸುತ್ತಮುತ್ತ ಇರುವವರಿಗೆ ಇದು ಹುಚ್ಚು ಅನಿಸುತ್ತದೆ. ಇಲ್ಲಿ ಕಾಲಿಟ್ಟಲ್ಲೆಲ್ಲ ಕೊಂಬಿನಿ ಅಂಗಡಿ, ತಿರುಗಿದಲ್ಲೆಲ್ಲ ಬಂಕು. ಆದರೆ ಉತ್ತರದ ಹೊಕ್ಕೈದೋ ದ್ವೀಪದ ಪೂರ್ವದ ತುದಿಗೆ ಹೋಗಿ ನೋಡಿ. ಮನುಷ್ಯರಿಗಿಂತ ಹಸುಗಳು ಹೆಚ್ಚು, ಹಸುಗಳಿಗಿಂತ ಹಿಮ ಹೆಚ್ಚು. ಊರುಗಳು ಖಾಲಿಯಾಗುತ್ತಾ ಬಂದ ಹಾಗೆ ಬಂಕುಗಳೂ ಒಂದೊಂದಾಗಿ ಬಾಗಿಲು ಹಾಕಿವೆ. ಮ್ಯಾಪಿನಲ್ಲಿ ಮಾತ್ರ ಇನ್ನೂ ಇವೆ. ಉಳಿದವೂ ಸಂಜೆ ಐದಕ್ಕೇ ಮುಚ್ಚುತ್ತವೆ, ಭಾನುವಾರ ಎಷ್ಟೋ ಕಡೆ ರಜೆ. ಇಲ್ಲಿಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನನಗೆ ‘ಬಂಕ್ ಮೇಡಂ’ ಅಂತ ಹೆಸರು. ಬೆನ್ನ ಹಿಂದೆ ನಗುತ್ತಾರೆ, ರಜೆ ಹತ್ತಿರ ಬಂದಾಗ ಮೆಲ್ಲಗೆ ‘ಮೇಡಂ, ಆ ಲಿಸ್ಟ್ ಸ್ವಲ್ಪ ಕಳಿಸ್ತೀರಾ’ ಅನ್ನುತ್ತಾರೆ.

ನನ್ನ ಗಂಡ ಸುಧಿ ಇದಕ್ಕೆ ಪೂರ್ತಿ ಉಲ್ಟಾ. ಬೆಂಗಳೂರಿನಲ್ಲಿ ಕಾಲೇಜು ಮುಗಿಯುವ ತನಕ ಸ್ಕೂಟರನ್ನು ರಿಸರ್ವಿನಲ್ಲೇ ಓಡಿಸಿದ ಮಹಾಶಯ. ಪೆಟ್ರೋಲ್ ಪೂರ್ತಿ ಮುಗಿದ ಮೇಲೂ ಗಾಡಿಯನ್ನು ಒಂದು ಪಕ್ಕಕ್ಕೆ ಮಲಗಿಸಿ ಎಬ್ಬಿಸಿದರೆ ಇನ್ನೆರಡು ಕಿಲೋಮೀಟರ್ ಓಡುತ್ತೆ ಅನ್ನುವ ವಿದ್ಯೆ ಅವನದು. ‘ಎಲ್ಲೋ ಒಂದು ಸಿಗತ್ತೆ ಬಿಡೆ’ ಅನ್ನುವುದು ಅವನ ಮಂತ್ರ. ಆ ‘ಎಲ್ಲೋ ಒಂದ’ನ್ನು ಮುಂಚೆಯೇ ಹುಡುಕಿಡುವುದು ನನ್ನ ಹಣೆಬರಹ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮಗಳು ಇಂಚರನಿಗೆ ಆಗ ಏಳು ವರ್ಷ. ಓಖೋತ್ಸ್ಕ್ ಸಮುದ್ರದಲ್ಲಿ ಫೆಬ್ರವರಿಯಲ್ಲಿ ತೇಲಿ ಬರುವ ಹಿಮಗಡ್ಡೆ ನೋಡಬೇಕು ಅಂತ ಎರಡು ವರ್ಷದಿಂದ ಹಟ ಮಾಡುತ್ತಿದ್ದಳು. ಅವಳಿಗೆ ವೀಸಿಂಗ್ ಇದೆ, ಚಳಿ ಗಾಳಿ ಆಗುವುದಿಲ್ಲ. ಡಾಕ್ಟರು ಇನ್‌ಹೇಲರ್ ಕೊಟ್ಟು ಒಂದು ಮಾತು ಹೇಳಿದ್ದರು: ಒಂದು ಸಲ ಕೊಟ್ಟು ನಾಲ್ಕು ಗಂಟೆಯೊಳಗೆ ಮತ್ತೆ ಬೇಕಾಯಿತು ಅಂದರೆ ಸೀದಾ ಆಸ್ಪತ್ರೆಗೆ ಹೋಗಿ, ಕಾಯಬೇಡಿ. ಅದಕ್ಕೇ ನಾನು ಬಂಕುಗಳಷ್ಟೇ ಅಲ್ಲ, ದಾರಿಯ ಆಸ್ಪತ್ರೆಗಳ ಪಟ್ಟಿಯನ್ನೂ ಮಾಡಿಟ್ಟೆ. ಶುಕ್ರವಾರ ವಿಮಾನ, ಶನಿವಾರ ಸಮುದ್ರ, ಭಾನುವಾರ ವಾಪಸ್. ಹೈಬ್ರಿಡ್ ಕಾರು ಬುಕ್ ಮಾಡಿದ್ದೆ. ಎಲ್ಲ ಲೆಕ್ಕ ಹಾಕಿ, ಟಿಕ್ ಹಾಕಿ, ಪಟ್ಟಿ ಮಡಿಸಿ ಪರ್ಸಿಗೆ ಹಾಕಿಕೊಂಡೆ.

ಶುಕ್ರವಾರ ಹಿಮ ಬಿದ್ದು ವಿಮಾನ ರದ್ದಾಯ್ತು. ಶನಿವಾರ ಮಧ್ಯಾಹ್ನ ತಲುಪಿದೆವು. ಬಾಡಿಗೆ ಕಾರಿನವರು ಬಾಗಿ ಬಾಗಿ ಕ್ಷಮೆ ಕೇಳಿ, ಹೈಬ್ರಿಡ್ ಇಲ್ಲ, ಅದರ ಬದಲು ಇದು ಅಂತ ಹಳೆಯ ಬಿಳಿ ಫೋರ್ ವೀಲ್ ಡ್ರೈವ್ ಒಂದರ ಕೀ ಕೈಗಿಟ್ಟರು. ಅದು ಎಣ್ಣೆ ಕುಡಿಯುವ ಗಾಡಿ ಅಂತ ನನಗೆ ಗೊತ್ತು. ಕಾರು ಬದಲಾಯ್ತು, ದಿನ ಬದಲಾಯ್ತು, ಪಟ್ಟಿಯನ್ನು ಮೊದಲಿನಿಂದ ಮಾಡಬೇಕು ಅಂತ ಒಳಗಿನಿಂದ ಒಂದು ದನಿ ಹೇಳುತ್ತಲೇ ಇತ್ತು. ಆದರೆ ನಿಜ ಹೇಳುತ್ತೇನೆ, ನನ್ನ ಕೈಲಾಗಲಿಲ್ಲ. ಹಿಂದಿನ ಎರಡು ವಾರ ಗ್ರ್ಯಾಂಟ್ ಅರ್ಜಿ ಬರೆದು ಮಿದುಳು ಹಿಂಡಿ ಹೋಗಿತ್ತು. ಪಟ್ಟಿ ತೆಗೆದು ನೋಡಿದರೆ ಅಕ್ಷರಗಳೇ ಕಾಣುತ್ತಿರಲಿಲ್ಲ. ಹಾಳಾಗಿ ಹೋಗಲಿ, ಒಂದು ಸಲವಾದರೂ ಬೇರೆ ಯಾರಾದರೂ ನೋಡಿಕೊಳ್ಳಲಿ ಅಂತ ಮಡಿಸಿ ಒಳಗಿಟ್ಟೆ.

ಭಾನುವಾರ ಬೆಳಗ್ಗೆ ಹೊರಟಾಗ ಅರ್ಧ ಟ್ಯಾಂಕ್ ಇತ್ತು. ಊರು ಬಿಡುವ ಜಾಗದಲ್ಲಿ ನಾವೇ ತುಂಬಿಸಿಕೊಳ್ಳುವ ಒಂದು ಸೆಲ್ಫ್ ಬಂಕ್ ತೆರೆದಿತ್ತು. ನಾನು ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದೆ, ನಿದ್ದೆ ಬಂದಿರಲಿಲ್ಲ. ಸುಧಿ ನಿಲ್ಲಿಸಲಿಲ್ಲ. ಬಾಡಿಗೆ ಕಾರು ವಾಪಸ್ ಕೊಡುವಾಗ ಹೇಗಿದ್ದರೂ ಫುಲ್ ಟ್ಯಾಂಕ್ ಮಾಡಿಯೇ ಕೊಡಬೇಕು, ಮಧ್ಯದಲ್ಲಿ ಯಾಕೆ ಅನ್ನುವುದು ಅವನ ತರ್ಕ. ನಾನು ಕಣ್ಣು ಬಿಟ್ಟು ಆ ಬಂಕನ್ನು ನೋಡಿದೆ. ‘ಹಾಕ್ಸೋ’ ಅಂತ ಒಂದು ಮಾತು ಅನ್ನಬೇಕಿತ್ತು. ಅಂದರೆ ಅವನೊಂದು ಹೇಳುತ್ತಾನೆ, ನಾನೊಂದು ಹೇಳಬೇಕು, ಯಾರಿಗೆ ಬೇಕು ಅನ್ನಿಸಿ ಮತ್ತೆ ಕಣ್ಣು ಮುಚ್ಚಿದೆ. ಅವತ್ತಿನ ತಪ್ಪನ್ನೆಲ್ಲ ಸುಧಿಯ ತಲೆಗೆ ಕಟ್ಟಲು ಎಷ್ಟೋ ಸಲ ನೋಡಿದ್ದೇನೆ. ಆ ಒಂದು ಕ್ಷಣ ನೆನಪಾಗಿ ಬಾಯಿ ಕಟ್ಟಿಹೋಗುತ್ತದೆ.

ಹಿಮಗಡ್ಡೆ ನೋಡಿದೆವು. ಕಣ್ಣಿಗೆ ಕಾಣುವಷ್ಟು ದೂರ ಸಮುದ್ರವೇ ಇರಲಿಲ್ಲ, ಬರೀ ಬಿಳಿ. ಇಂಚರ ಕುಣಿದಾಡಿದಳು, ದಡದುದ್ದಕ್ಕೂ ಓಡಿದಳು. ನಾವೂ ಬಿಟ್ಟೆವು. ಮಧ್ಯಾಹ್ನ ಒಂದೂವರೆಗೆ ಕೆಮ್ಮು ಶುರುವಾಯ್ತು. ಇನ್‌ಹೇಲರ್ ಕೊಟ್ಟೆ, ಇಳಿಯಿತು. ಮೂರೂಕಾಲಿಗೆ ಮತ್ತೆ ಬಂತು, ಈ ಸಲ ಉಸಿರೆಳೆದಾಗ ಶಿಳ್ಳೆ ಹೊಡೆದ ಹಾಗೆ ಸದ್ದು. ‘ಅಮ್ಮಾ, ಕುರುಶೀ’ ಅಂದಳು. ಉಸಿರು ಕಟ್ಟಿದ ಹಾಗೆ ಆಗುತ್ತಿದೆ ಅಂತ. ಇಲ್ಲಿ ಹುಟ್ಟಿದ ಮಗು, ನೋವಾದಾಗ ಬಾಯಿಗೆ ಮೊದಲು ಬರುವುದು ಜಪಾನಿ. ಎರಡನೇ ಸಲ ಇನ್‌ಹೇಲರ್ ಕೊಟ್ಟು, ‘ಸೀದಾ ಆಸ್ಪತ್ರೆಗೆ ನಡಿ’ ಅಂದೆ ಸುಧಿಗೆ. ಆಸ್ಪತ್ರೆ ಇರುವ ಊರು ಎಪ್ಪತ್ತು ಕಿಲೋಮೀಟರ್ ದೂರ. ಪೆಟ್ರೋಲಿನ ಮುಳ್ಳು ನೋಡಿದರೆ ಕೆಳಗಿನ ಗೆರೆ ಮುಟ್ಟಲು ಒಂದು ಎಳೆ ಬಾಕಿ.

ಪಟ್ಟಿಯ ಮೊದಲ ಬಂಕಿಗೆ ಬಂದೆವು. ಅಂಗಳಕ್ಕೆ ಅಡ್ಡವಾಗಿ ಕಬ್ಬಿಣದ ಸರಪಳಿ, ಅದರ ಮೇಲೆ ಹಿಮ. ಬಾಗಿಲಿನಲ್ಲಿ ‘ಭಾನುವಾರ ರಜೆ’ ಅನ್ನುವ ಬೋರ್ಡು. ನನ್ನ ಟಿಕ್ಕುಗಳೆಲ್ಲ ಶನಿವಾರದವು! ಎರಡನೆಯದಕ್ಕೂ ಸರಪಳಿ. ಮೂರನೆಯದು ವಾರವಿಡೀ ತೆರೆದಿರುವುದೇನೋ ನಿಜ, ಆದರೆ ಅದು ಆಸ್ಪತ್ರೆ ಇರುವ ಊರಿನಲ್ಲೇ. ಮುಂಚಿನ ಹೈಬ್ರಿಡ್ ಆಗಿದ್ದರೆ ಅಲ್ಲಿಯ ತನಕ ನಗುನಗುತ್ತಾ ಹೋಗುತ್ತಿತ್ತು. ಅಷ್ಟರಲ್ಲಿ ಎಚ್ಚರಿಕೆಯ ಹಳದಿ ದೀಪ ಹತ್ತಿಕೊಂಡಿತು. ರಸ್ತೆ ಸಹಾಯದವರಿಗೆ ಫೋನ್ ಮಾಡಿದೆ. ಎರಡು ಗಂಟೆಯಾದರೂ ಬೇಕು ಅಂದರು, ಅಷ್ಟರಲ್ಲಿ ಸಿಗ್ನಲ್ ಹೋಯ್ತು. ಆಂಬುಲೆನ್ಸಿಗೆ ಮಾಡೋಣ ಅಂದರೆ ಫೋನಿನಲ್ಲಿ ಒಂದು ಗೆರೆಯೂ ಇಲ್ಲ.

ಹೊರಗೆ ಮೈನಸ್ ಹನ್ನೆರಡು. ಗಾಳಿಗೆ ಹಿಮ ಎದ್ದು ರಸ್ತೆಯ ಅಂಚು ಕಾಣುತ್ತಿರಲಿಲ್ಲ. ಪೆಟ್ರೋಲ್ ಮುಗಿದರೆ ಹೀಟರ್ ನಿಲ್ಲುತ್ತದೆ. ಹೀಟರ್ ನಿಂತರೆ ಆ ಚಳಿಯಲ್ಲಿ ಈ ಮಗು! ಸುಧಿ ಸ್ಟಿಯರಿಂಗ್ ಮೇಲೆ ಬಾಗಿ ದಾರಿ ಹುಡುಕುತ್ತಾ ಓಡಿಸುತ್ತಿದ್ದ. ಗಾಡಿ ಮಲಗಿಸಿ ಎಬ್ಬಿಸುವ ವಿದ್ಯೆ ಇಲ್ಲಿ ನಡೆಯುವುದಿಲ್ಲ ಅಂತ ಅವನಿಗೂ ಗೊತ್ತಾಗಿತ್ತು. ನಾನು ಹಿಂದಿನ ಸೀಟಿನಲ್ಲಿ ಇಂಚರನ ಬೆನ್ನು ನೀವುತ್ತಾ ಅವಳ ಉಸಿರು ಎಣಿಸುತ್ತಿದ್ದೆ. ಯಾವ ದೇವರಿಗೂ ಹರಕೆ ಹೊತ್ತುಕೊಳ್ಳಲಿಲ್ಲ. ಅಳಲೂ ಇಲ್ಲ. ಅಳು ನನ್ನ ಜಾಯಮಾನದಲ್ಲೇ ಇಲ್ಲ, ಅಮ್ಮ ಹೋದಾಗಲೂ ಅತ್ತವಳಲ್ಲ ನಾನು.

ಒಂದು ತಿರುವು ದಾಟಿದಾಗ ಬಲಗಡೆ ಬೆಳಕು ಕಾಣಿಸಿತು. ಹಳೆಯ ಕಾಲದ ಪುಟ್ಟ ಬಂಕು, ಒಂದೇ ಪಂಪು, ಹಿಂದೆ ಮನೆ. ನನ್ನ ಪಟ್ಟಿಯಲ್ಲಿ ಅದಿರಲಿಲ್ಲ, ಮ್ಯಾಪಿನಲ್ಲೂ ಇರಲಿಲ್ಲ. ಇಲ್ಲೂ ಸರಪಳಿ ಇತ್ತು, ಆದರೆ ಅದನ್ನು ಬಿಚ್ಚಿ ಕಂಬದ ಬುಡದಲ್ಲಿ ಸುರುಳಿ ಸುತ್ತಿ ಇಟ್ಟಿದ್ದರು. ರಸ್ತೆಯಿಂದ ಪಂಪಿನ ತನಕ ಸರಿಯಾಗಿ ಒಂದು ಕಾರು ಹಿಡಿಯುವಷ್ಟು ಅಗಲ ಹಿಮ ತೆಗೆದಿದ್ದರು. ಎಪ್ಪತ್ತೈದು ದಾಟಿದ ಒಬ್ಬ ಅಜ್ಜಿ, ರಬ್ಬರ್ ಬೂಟು ಹಾಕಿಕೊಂಡು, ಸಲಿಕೆ ಹಿಡಿದು ನಿಂತಿದ್ದರು. ನಮ್ಮ ಕಾರು ನೋಡಿದವರೇ ಸಲಿಕೆ ಗೋಡೆಗೆ ಒರಗಿಸಿ, ಎರಡೂ ಕೈಯಾಡಿಸಿ ಒಳಗೆ ಕರೆದರು. ಎಷ್ಟು ಹಾಕಲಿ ಅಂತ ಕೇಳಲಿಲ್ಲ. ನಳಿಗೆ ಚುಚ್ಚಿ ತುಂಬಿಸಲು ಶುರು ಮಾಡಿ, ಕಾರಿನ ಕಿಟಕಿಗೆ ಬಾಗಿ ಹೇಳಿದರು:

“ನಾಲ್ಕೂವರೆ. ಸರಿಯಾಗಿ ಬಂದಿರಿ. ಮಗುವನ್ನು ಮೊದಲು ಒಳಗೆ ಕರೆದುಕೊಂಡು ಬನ್ನಿ.”

ನನಗೆ ತಲೆಬುಡ ತಿಳಿಯಲಿಲ್ಲ. ಆದರೆ ಆ ಹೊತ್ತಿನಲ್ಲಿ ಯಾರು ಪ್ರಶ್ನೆ ಕೇಳುತ್ತಾರೆ? ಇಂಚರನನ್ನು ಎತ್ತಿಕೊಂಡು ಒಳಗೆ ಓಡಿದೆ. ಆಫೀಸಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಉರಿಯುತ್ತಿತ್ತು, ಅದರ ಮೇಲೆ ದೊಡ್ಡ ಕೆಟಲಿನಿಂದ ಹಬೆ ಏಳುತ್ತಿತ್ತು. ಪಕ್ಕದಲ್ಲಿ ಮಗುವೊಂದು ಕೂರುವಂಥ ಚಿಕ್ಕ ಕುರ್ಚಿ, ಅದರ ಮೇಲೆ ಮಡಿಸಿಟ್ಟ ಕಂಬಳಿ. ಕೂರಿಸಿದೆ. ಆ ಬೆಚ್ಚನೆಯ ಹಬೆಗೆ ಅವಳ ಉಸಿರು ನಿಧಾನವಾಗಿ ಸ್ವಲ್ಪ ಸಡಿಲವಾಯ್ತು. ಅಜ್ಜಿ ಒಳಗೆ ಬಂದು ಒಂದು ಚೀಟಿ ಕೊಟ್ಟರು. ಆ ಭಾನುವಾರ ಸರದಿಯ ಮೇಲೆ ಕೆಲಸದಲ್ಲಿರುವ ಡಾಕ್ಟರ ಹೆಸರು, ಹೋಗುವ ದಾರಿ. ‘ಅವರಿಗೆ ಹೇಳಿಟ್ಟಿದ್ದೇನೆ, ಕಾಯುತ್ತಿರುತ್ತಾರೆ’ ಅಂದರು. ನನ್ನ ಪಟ್ಟಿಯ ಆಸ್ಪತ್ರೆ ಅವತ್ತು ಮುಚ್ಚಿತ್ತು ಅಂತ ಆಮೇಲೆ ಗೊತ್ತಾಯ್ತು.

‘ನಿಮಗೆ ಹೇಗೆ ಗೊತ್ತು?’ ಅಂತ ಕೊನೆಗೂ ಕೇಳಿದೆ.

ಅಜ್ಜಿಗೇ ಆಶ್ಚರ್ಯವಾಯ್ತು. ‘ಗುರುವಾರ ಮಧ್ಯಾಹ್ನ ನೀವೇ ಫೋನ್ ಮಾಡಿದ್ದಿರಲ್ಲ?’ ಅಂತ ಗೋಡೆಯ ಕ್ಯಾಲೆಂಡರ್ ತೋರಿಸಿದರು. ಭಾನುವಾರದ ಚೌಕದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ನಾಲ್ಕೂವರೆ, ಬಿಳಿ ಬಾಡಿಗೆ ಕಾರು, ಹೆಣ್ಣು ಮಗು, ಉಬ್ಬಸ. ಕೆಳಗೆ ಕಾರಿನ ನಂಬರು. ಕಿಟಕಿಯಿಂದ ಹೊರಗೆ ನೋಡಿ ಎರಡು ಸಲ ತಾಳೆ ಹಾಕಿದೆ. ನಮ್ಮದೇ ನಂಬರು.

‘ಫೋನಿನಲ್ಲಿ ತುಂಬಾ ಅತ್ತಿರಿ, ಅದಕ್ಕೇ ಚಿಂತೆ ಆಗಿತ್ತು’ ಅಂದರು ಅಜ್ಜಿ.

ಹೊರಟೆವು. ಇಲ್ಲಿಯ ಬಂಕಿನವರ ಪದ್ಧತಿಯಂತೆ ಆಕೆ ರಸ್ತೆಯ ಮಧ್ಯಕ್ಕೆ ಹೋಗಿ, ಬರುವ ವಾಹನಗಳನ್ನು ತಡೆಯಲು ಕೈಯೆತ್ತಿ ನಿಂತು ನಮ್ಮನ್ನು ದಾಟಿಸಿದರು. ಒಂದು ವಾಹನವೂ ಇರಲಿಲ್ಲ. ತಿರುವಿನ ತನಕ ಹಿಂದಿನ ಗಾಜಿನಲ್ಲಿ ನೋಡಿದೆ, ಬಾಗಿಯೇ ನಿಂತಿದ್ದರು. ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ತಕ್ಷಣ ಔಷಧಿಯ ಹಬೆ ಹಿಡಿಸಿ, ಆಕ್ಸಿಜನ್ ಹಾಕಿ ಆ ರಾತ್ರಿ ಅಲ್ಲೇ ಇರಿಸಿಕೊಂಡರು. ಇನ್ನೊಂದು ಗಂಟೆ ತಡವಾಗಿದ್ದರೆ ಮಾತು ಬೇರೆ ಇರುತ್ತಿತ್ತು ಅಂತ ಸುಧಿಗೆ ಹೇಳಿದರಂತೆ. ಅವನು ಅದನ್ನು ನನಗೆ ಹೇಳಿದ್ದು ವಾಕೋಗೆ ಬಂದು ಹತ್ತು ದಿನ ಆದಮೇಲೆ.

ನಾವಿಬ್ಬರೂ ಇದನ್ನು ಬಿಡಿಸಲು ನೋಡಿದೆವು. ‘ನೀನೇ ಮಾಡಿರ್ತೀಯ ಕಣೆ, ನೂರು ಕಡೆ ಫೋನ್ ಮಾಡ್ತೀಯ, ಮರೆತಿರ್ತೀಯ’ ಅಂದ ಸುಧಿ. ಆ ಗುರುವಾರ ಬೆಳಗ್ಗೆಯಿಂದ ಸಂಜೆಯ ತನಕ ನಾನು ಮೀಟಿಂಗಿನಲ್ಲಿದ್ದೆ, ಜೊತೆಗೆ ಆರು ಜನರಿದ್ದರು. ಫೋನಿನಲ್ಲಿ ಅಂಥ ಕರೆಯ ಗುರುತಿಲ್ಲ. ಹೋಗಲಿ, ಮಾಡಿದ್ದೆ ಅಂತಲೇ ಇಟ್ಟುಕೊಳ್ಳಿ. ಗುರುವಾರದ ಹೊತ್ತಿಗೆ ವಿಮಾನ ರದ್ದಾಗಿರಲಿಲ್ಲ. ಭಾನುವಾರ ಆ ರಸ್ತೆಯಲ್ಲಿ ಇರುತ್ತೇವೆ ಅಂತ ನನಗೇ ಗೊತ್ತಿರಲಿಲ್ಲ. ಆ ಬಿಳಿ ಕಾರನ್ನು ನಾನು ಕಂಡಿರಲೂ ಇಲ್ಲ. ‘ಅಜ್ಜಿ ನಂಬರನ್ನ ಕಿಟಕಿಯಿಂದ ನೋಡಿ ಆಮೇಲೆ ಬರೆದಿರಬೇಕು’ ಅಂದ. ಕುರ್ಚಿ? ಡಾಕ್ಟರ ಚೀಟಿ?

ನನಗೆ ಹೆದರಿಕೆಗಿಂತ ಹೆಚ್ಚಾಗಿ ಬೇರೆ ಏನೋ ಆಯ್ತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಸುಖ ಆಯ್ತು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನನಗೋಸ್ಕರ ಯಾರೋ ಮುಂಚೆಯೇ ಫೋನ್ ಮಾಡಿಟ್ಟಿದ್ದರು. ನಾನು ಕೈಚೆಲ್ಲಿದ ದಿನ ಯಾರೋ ನೋಡಿಕೊಂಡಿದ್ದರು. ಯಾರು ಅಂತ ಗೊತ್ತಿಲ್ಲದಿದ್ದರೂ ಆ ಪುಣ್ಯಾತ್ಗಿತ್ತಿಯನ್ನು ದಿನಕ್ಕೊಮ್ಮೆಯಾದರೂ ನೆನೆಯುತ್ತಿದ್ದೆ.

ಅಜ್ಜಿಗೆ ಒಂದು ಥ್ಯಾಂಕ್ಸ್ ಹೇಳಬೇಕಿತ್ತು. ಅವರು ಕೊಟ್ಟ ರಸೀತಿಯಲ್ಲಿ ಫೋನ್ ನಂಬರಿತ್ತು. ನಾಳೆ ಮಾಡೋಣ, ಈ ವಾರ ಬೇಡ, ಜಪಾನಿಯಲ್ಲಿ ಅಷ್ಟೊಂದು ಮಾತಾಡಲು ತ್ರಾಣ ಇಲ್ಲ ಅಂತ ಮುಂದೂಡುತ್ತಾ ಮೂರು ವಾರ ಕಳೆಯಿತು. ಮಾರ್ಚಿನ ಒಂದು ಗುರುವಾರ, ಊಟದ ಹೊತ್ತಿನಲ್ಲಿ, ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಮಾಡಿದೆ.

ಅಜ್ಜಿಯೇ ಎತ್ತಿದರು. ಲೈನು ಸರಿ ಇರಲಿಲ್ಲ, ಗಾಳಿ ಬೀಸಿದ ಹಾಗೆ ಸದ್ದು. ನಾನು ಸುಮಿಮಾಸೆನ್ ಅಂತ ಶುರು ಮಾಡಿ ಗುರುತು ಹೇಳಿದೆ, ಭಾನುವಾರ, ನಾಲ್ಕೂವರೆ ಅಂತ. ಆಕೆ ‘ಯಾವ ಕಾರು?’ ಅಂದರು. ಬಿಳಿಯದು, ಬಾಡಿಗೆಯದು ಅಂತ ಹೇಳಿ ರಸೀತಿಯಲ್ಲಿ ಅಚ್ಚಾಗಿದ್ದ ಕಾರಿನ ನಂಬರನ್ನು ಓದಿದೆ. ಹೆಣ್ಣು ಮಗು, ಉಬ್ಬಸ ಅಂದೆ. ಅಷ್ಟು ಹೇಳುವಷ್ಟರಲ್ಲಿ ಇದ್ದಕ್ಕಿದ್ದಂತೆ ಏನಾಯ್ತೋ, ಆ ಹಳದಿ ದೀಪ, ಆ ಶಿಳ್ಳೆಯಂಥ ಉಸಿರು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಜ್ಜಿ ಆ ಕಡೆಯಿಂದ ‘ಹಾಯ್, ಹಾಯ್’ ಅಂತ ಜಪಾನಿಯಲ್ಲಿ ಹೂಂಗುಟ್ಟುತ್ತಾ ನಿಧಾನವಾಗಿ ಕೇಳಿಸಿಕೊಂಡರು. ಕಾಗದದ ಮೇಲೆ ಪೆನ್ಸಿಲ್ ಓಡುವ ಸದ್ದು ಕೇಳಿಸಿತು. ಆಮೇಲೆ ಹೇಳಿದರು:

“ಭಾನುವಾರ ನಮಗೆ ರಜೆ. ಪರವಾಗಿಲ್ಲ, ಸರಪಳಿ ಇಳಿಸಿಟ್ಟಿರುತ್ತೇನೆ. ಅಳಬೇಡಿ. ಮಗುವನ್ನು ಬೆಚ್ಚಗೆ ಕರೆದುಕೊಂಡು ಬನ್ನಿ.”

ಫೋನ್ ಇಟ್ಟರು.

ಸಂಜೆ ಮನೆಗೆ ಹೋಗಿ ಸುಧಿಗೆ ಹೇಳಿದೆ. ಅಜ್ಜಿಗೆ ವಯಸ್ಸಾಗಿದೆ, ಕಿವಿ ಮಂದ, ಗೊಂದಲ ಮಾಡಿಕೊಂಡಿರಬೇಕು ಅಂತ ಸುಧಿ ಹೇಳಿದ. ನಾನೂ ಹಾಗೇ ಅಂದುಕೊಳ್ಳಲು ನೋಡುತ್ತೇನೆ. ಮೊದಲು ನಗುವೂ ಬಂತು. ಥೂ, ನನ್ನ ಜನ್ಮಕ್ಕಿಷ್ಟು! ಜೀವನದಲ್ಲಿ ಒಂದು ಪವಾಡ ನಡೆದರೆ ಅದರ ಫೋನನ್ನೂ ನಾನೇ, ಅದೂ ಮೂರು ವಾರ ಕಳೆದ ಮೇಲೆ, ಮಾಡಬೇಕಾ? ಆಮೇಲೆ ನಗು ನಿಂತಿತು. ಯಾಕೆಂದರೆ ಮಾರ್ಚಿನ ಆ ಗುರುವಾರವೂ ನಾನು ಫೋನ್ ಒಳಗಿಡುವುದರಲ್ಲಿದ್ದೆ. ಸುಸ್ತಾಗಿತ್ತು, ಮುಂದಿನ ವಾರ ಮಾಡಿದರಾಯ್ತು ಅಂತ ಎದ್ದೂ ನಿಂತಿದ್ದೆ. ಹೇಗೋ ಮತ್ತೆ ಕೂತು ನಂಬರ್ ಒತ್ತಿದೆ.

ಒತ್ತದೇ ಹೋಗಿದ್ದರೆ?

ಇದನ್ನು ಯಾರಿಗೂ ಕೇಳಲಾರೆ. ಆ ಬಂಕಿಗೆ ಮತ್ತೆ ಫೋನ್ ಮಾಡಿಲ್ಲ, ಧೈರ್ಯ ಬಂದಿಲ್ಲ. ಇದನ್ನು ಬರೆಯುತ್ತಿರುವಾಗ ಇಂಚರ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದಾಳೆ. ‘ಏನಮ್ಮ ಬರೀತಿದೀಯ’ ಅಂತ ಜಪಾನಿಯಲ್ಲಿ ಕೇಳಿದಳು. ಪೆಟ್ರೋಲ್ ಬಂಕಿನ ವಿಷಯ ಅಂದೆ. ‘ಮತ್ತೆ ಲಿಸ್ಟಾ?’ ಅಂತ ಮುಖ ಸಿಂಡರಿಸಿ ಪುಸ್ತಕಕ್ಕೆ ತಲೆ ಬಗ್ಗಿಸಿದಳು. ನಾನು ಬರೆಯುವುದು ನಿಲ್ಲಿಸಿ ಸ್ವಲ್ಪ ಹೊತ್ತು ಅವಳ ಉಸಿರು ಕೇಳಿಸಿಕೊಳ್ಳುತ್ತಾ ಕೂತೆ.